ಬಟ್ಟೆ ಅಂಗಡಿಯ ಕಾಯಕ

ಜೇಡರ ದಾಸಿಮಯ್ಯನವರು ನೇಯ್ಗೆಯನ್ನೂ ಸೂಜಿಕಾಯಕದ ರಾಮಿತಂದೆಯವರು ಹೊಲಿಗೆಯನ್ನೂ ಶಿವಾರ್ಪಿತವಾಗಿಸಿದ ಶರಣರು. ನೇಯ್ದುದನ್ನು ಮಾರುವುದೂ ಕಾಯಕವೇ. ಆದರೆ ಮಗ್ಗದ ಮುಂದೆ ಕುಳಿತವನಿಗಿಂತ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೆ ಪರೀಕ್ಷೆ ಹೆಚ್ಚು.

ಹುಳಿಯಾರಿನ ಬಟ್ಟೆ ವ್ಯಾಪಾರವು ತೆಂಗನ್ನು ನಂಬಿದೆ. ಕಾಯಿ ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಒಣಗಿ ಉಂಡೆಕೊಬ್ಬರಿಯಾಗಬೇಕು. ಅದು ತಿಪಟೂರಿನ ಮಾರುಕಟ್ಟೆಯಲ್ಲಿ ಹಣವಾಗಬೇಕು. ಮಗಳ ಮದುವೆ ಅಲ್ಲಿಯವರೆಗೆ ಕಾಯದು. ಧಾರೆ ಸೀರೆ, ಬೀಗರ ಪಂಚೆ, ಮಕ್ಕಳ ಅಂಗಿಗಳನ್ನು ರೈತನು ಉದ್ದರಿ ಹೇಳಿ ಒಯ್ಯುತ್ತಾನೆ. ಕೈಯಲ್ಲಿ ಹಣವಿಲ್ಲದವನು ಚೌಕಾಸಿ ಮಾಡಲಾರ. ಇದನ್ನರಿತು ಲೆಕ್ಕದ ಪುಸ್ತಕದಲ್ಲಿ ಬೆಲೆ ಏರಿಸಿ ಬರೆಯುವುದು, ಬಟ್ಟೆಯನ್ನು ಜಗ್ಗಿ ಅಳೆಯುವುದು ಗಿರಾಕಿಗೆ ಕಾಣದಿರಬಹುದು. ಜಗ್ಗಿದ ಬಟ್ಟೆಯಾದರೋ ದರ್ಜಿಯ ಮೇಜಿನ ಮೇಲೆ ತನ್ನ ನಿಜದ ಅಳತೆಗೆ ಮರಳುತ್ತದೆ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹಿಂದಿರುಗಿಸಲು ಹೇಳಿದರು. ಅದು ಕದ್ದ ಅಕ್ಕಿಯಲ್ಲ. ಅಗತ್ಯವನ್ನು ಮೀರಿದ ಅಕ್ಕಿ. ಅಂಗಡಿಗೆ ಬಾಡಿಗೆಯುಂಟು, ಕೆಲಸದವರ ಸಂಬಳವುಂಟು, ಮಾರಾಟವಾಗದೆ ಉಳಿಯುವ ಸರಕೂ ಉಂಟು. ಆದ್ದರಿಂದ ಲಾಭವು ದೋಷವಲ್ಲ. ಪರರ ಅಸಹಾಯಕತೆಯಿಂದ ಹುಟ್ಟಿದ ಲಾಭವು ದೋಷ. ಸಾಲಕ್ಕೆ ಬೇರೆ ದರವಿದ್ದರೆ ಸೀರೆಯನ್ನು ಮಡಿಸಿ ಕಟ್ಟುವ ಮೊದಲೇ ಬಾಯಿಬಿಟ್ಟು ಹೇಳುವುದು ಧರ್ಮ.

ಕೊಂಡವನಿಗೂ ಧರ್ಮವುಂಟು. ಕೊಬ್ಬರಿ ಮಾರಿದ ದಿನ ಅಂಗಡಿಯ ಮುಂದೆ ತಲೆಮರೆಸಿಕೊಂಡು ಹೋಗದೆ, ಮೆಟ್ಟಿಲೇರಿ ಬಾಕಿ ತೀರಿಸಬೇಕು. ಆ ಹಣವನ್ನು ನಂಬಿ ಅಂಗಡಿಯವನೂ ಸಗಟು ವ್ಯಾಪಾರಿಗೆ ಮಾತು ಕೊಟ್ಟಿರುತ್ತಾನೆ. ಇಬ್ಬರ ಮಾತೂ ಉಳಿದಲ್ಲಿ ಅಂಗಡಿಯೇ ಅನುಭಾವದ ನೆಲೆಯಾಗುತ್ತದೆ.