ಅಕ್ಕನಿಗೊಂದು ಸೀಸೆ

ಒತ್ತಡವೆಂಬ ಮಾತನ್ನು ನಾನು ಮೊದಲು ಕಲಿತದ್ದು ಪ್ರೌಢಶಾಲೆಯ ವಿಜ್ಞಾನದ ಪಾಠದಲ್ಲಿ. ಗಾಳಿಗೆ ಒತ್ತಡವಿತ್ತು, ನೀರಿಗೆ ಒತ್ತಡವಿತ್ತು; ರಕ್ತಕ್ಕೂ ಉಂಟೆಂದು ಮುಂದೆ ವೈದ್ಯರಿಂದ ತಿಳಿಯಿತು. ಮನುಷ್ಯನಿಗೆ ಮಾತ್ರ ಆಗ ಚಿಂತೆ ಇತ್ತು, ದುಗುಡವಿತ್ತು, ತಲೆಬಿಸಿ ಇತ್ತು. ಹೆಚ್ಚೆಂದರೆ ‘ಯಾಕೋ ಮನಸ್ಸು ಸರಿಯಾಗಿಲ್ಲ’ ಎಂಬ ಸ್ಥಿತಿ ಇತ್ತು. ಈಗ ಅವೆಲ್ಲವೂ ಹೊರಟುಹೋಗಿ ಒತ್ತಡವೊಂದೇ ಮನೆಯ ಯಜಮಾನನಂತೆ ಕುಳಿತಿದೆ. ಮೌಲ್ಯಮಾಪನ ಮಾಡುವ ಅಧ್ಯಾಪಕನಿಗೂ ಒತ್ತಡ, ಮೌಲ್ಯಮಾಪನಕ್ಕೆ ಒಳಗಾಗುವ ವಿದ್ಯಾರ್ಥಿಗೂ ಒತ್ತಡ. ಖಾಯಿಲೆಗೆ ಒಂದೇ ಹೆಸರಾದ ಮೇಲೆ ಮದ್ದಿಗೂ ಒಂದೇ ಹೆಸರಾದರೆ ವ್ಯಾಪಾರಕ್ಕೆ ಅನುಕೂಲವಲ್ಲವೆ? ಆ ಹೆಸರು ಅಶ್ವಗಂಧ. ಪುಡಿಯಾಗಿ, ಗುಳಿಗೆಯಾಗಿ, ಕ್ಯಾಪ್ಸೂಲಾಗಿ, ಈಚೆಗೆ ಮಕ್ಕಳ ಪೆಪ್ಪರಮಿಂಟಿನಂತೆ ಜಗಿಯುವ ಗಮ್ಮಿಯಾಗಿ ಅದು ಪೇಟೆಯನ್ನೆಲ್ಲ ಆವರಿಸಿದೆ. ಪರೀಕ್ಷೆಯ ದಿನಗಳಲ್ಲಿ ನಮ್ಮ ಹುಡುಗರ ಚೀಲಗಳಲ್ಲಿಯೂ ಅದರ ಸದ್ದನ್ನು ನಾನು ಕೇಳಿದ್ದೇನೆ.

ನನಗೆ ಅದರ ಯೋಚನೆ ಹತ್ತಿದ್ದು ಅಕ್ಕನ ದೆಸೆಯಿಂದ. ಆಕೆಯ ಅತ್ತೆಗೆ ಪಾರ್ಶ್ವವಾಯು ಬಡಿದು ಮೂರು ವರ್ಷವಾಯಿತು. ಹಾಸಿಗೆಯೇ ಗತಿ. ಹಗಲಿನ ಕೆಲಸ, ರಾತ್ರಿಯ ಶುಶ್ರೂಷೆ, ಇವೆರಡರ ನಡುವೆ ಅಕ್ಕ ಸವೆದುಹೋಗಿದ್ದಳು. ಯಾರೋ ನೆಂಟರು ಅಶ್ವಗಂಧ ಸೇವಿಸಿದರೆ ಮನಸ್ಸು ಹಗುರಾಗಿ ನಿದ್ರೆ ಬರುತ್ತದೆಂದು ಹೇಳಿದ್ದರಂತೆ. ಹಿಂದೆ ಎಂದೂ ನನ್ನಿಂದ ಒಂದು ಮೊಳ ಹೂವನ್ನೂ ಕೇಳದವಳು, “ಮೈಸೂರಿನಿಂದ ಬರುವಾಗ ಒಂದು ಒಳ್ಳೆಯ ಸೀಸೆ ನೋಡಿ ತಂದುಕೊಡು” ಎಂದಳು. ನೋಡಿ ತರಬೇಕು ಎಂದದ್ದೇ ನನಗೆ ಬಂಧನವಾಯಿತು.

ಔಷಧದಂಗಡಿಯ ಹುಡುಗ ನಾಲ್ಕು ಸೀಸೆಗಳನ್ನು ಸಾಲಾಗಿ ನಿಲ್ಲಿಸಿ, “ಎಲ್ಲವೂ ಚೆನ್ನಾಗಿ ಹೋಗುತ್ತವೆ ಸಾರ್” ಎಂದನು. ಎಲ್ಲಿಗೆ ಹೋಗುತ್ತವೆ ಎಂದು ನಾನು ಕೇಳಲಿಲ್ಲ. ಒಂದರ ಮೇಲೆ ಅಶ್ವಗಂಧ ೫೦೦ ಮಿಲಿಗ್ರಾಂ ಎಂದಿತ್ತು. ಇನ್ನೊಂದರ ಮೇಲೂ ೫೦೦ ಎಂದೇ ಇತ್ತು. ಬೆಲೆ ಮಾತ್ರ ಮೂರು ಪಾಲು. ಕನ್ನಡಕ ಏರಿಸಿ, ಇರುವೆಸಾಲಿನಂತಹ ಅಕ್ಷರಗಳನ್ನು ಓದಿದ ಮೇಲೆ ಗುಟ್ಟು ತಿಳಿಯಿತು. ಮೊದಲನೆಯದರಲ್ಲಿ ಇದ್ದದ್ದು ಬರಿಯ ಬೇರಿನ ಪುಡಿ. ಎರಡನೆಯದರಲ್ಲಿ ಬೇರಿನಿಂದ ತೆಗೆದ ಸಾರ. ಇವೆರಡೂ ಒಂದೇ ಅಲ್ಲ. ಹತ್ತು ಸೇರು ಹಾಲನ್ನೂ ಅದರಿಂದ ತೆಗೆದ ಬೆಣ್ಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ. ಆಯುರ್ವೇದದ ಅಧಿಕೃತ ಔಷಧಕೋಶದಲ್ಲಿ ಬೇರಿನ ಪುಡಿಯ ಪ್ರಮಾಣ ದಿನಕ್ಕೆ ೩ರಿಂದ ೬ ಗ್ರಾಂ. ಅಂದರೆ ೫೦೦ ಮಿಲಿಗ್ರಾಮಿನ ಆ ಕ್ಯಾಪ್ಸೂಲುಗಳನ್ನು ಆರರಿಂದ ಹನ್ನೆರಡರವರೆಗೆ ನುಂಗಬೇಕು. ದಿನಕ್ಕೆರಡು ಸಾಕೆಂದು ಸೀಸೆಯೇ ಹೇಳುತ್ತದೆ. ಲೆಕ್ಕದಲ್ಲಿ ನಾನು ಎಂದೂ ಮುಂದಿದ್ದವನಲ್ಲ, ಆದರೂ ಇಷ್ಟು ನನಗೂ ತಿಳಿಯುತ್ತದೆ.

ಸಾರವಾದರೆ ಅದರಲ್ಲಿ ವಿಥನೊಲೈಡುಗಳೆಂಬ ದ್ರವ್ಯ ನೂರಕ್ಕೆ ಎಷ್ಟು ಎಂದು ಬರೆದಿರಬೇಕು. ಲೋಕಪ್ರಸಿದ್ಧವಾದ ಸಾರಗಳಲ್ಲೊಂದಾದ ಕೆ.ಎಸ್.ಎಂ.-೬೬ ಬೇರಿನಿಂದ ಮಾತ್ರ ತೆಗೆದದ್ದು, ನೂರಕ್ಕೆ ಐದು. ಸೆನ್ಸೊರಿಲ್ ಎಂಬ ಮತ್ತೊಂದು, ಬೇರು ಎಲೆ ಎರಡರಿಂದಲೂ ತೆಗೆದದ್ದೆಂದು ಹೆಸರಾದದ್ದು, ನೂರಕ್ಕೆ ಹತ್ತು. ಹತ್ತು ಐದಕ್ಕಿಂತ ದೊಡ್ಡದೆಂದು ಕೂಡಲೆ ಹತ್ತನ್ನು ಕೊಳ್ಳಬೇಡಿರಿ. ನಮ್ಮ ಶಾಸ್ತ್ರ ಒಳಗೆ ಸೇವಿಸಲು ಹೇಳಿದ್ದು ಬೇರನ್ನು. ಎಲೆಯನ್ನು ಹಳ್ಳಿಯವರು ಬಾವಿಗೆ, ಕುರುವಿಗೆ ಅರೆದು ಕಟ್ಟುತ್ತಿದ್ದರು. ಎಲೆ ಅಗ್ಗ, ಬೇರು ತುಟ್ಟಿ. ಆದಕಾರಣ ಎಲೆಯನ್ನು ಬೆರೆಸುವ ಆಸೆ ತಯಾರಕನಿಗೆ ಸಹಜ. ೨೦೨೧ರಲ್ಲಿ ಆಯುಷ್ ಸಚಿವಾಲಯವು ಅಶ್ವಗಂಧದ ಎಲೆಯನ್ನು ಬಳಸಬಾರದೆಂದು ತಯಾರಕರಿಗೆ ಸೂಚನೆ ಕೊಟ್ಟಿತು. ನಾನು ನೋಡಿದ ನಾಲ್ಕು ಸೀಸೆಗಳಲ್ಲಿ ಒಂದು, ಗಿಡದ ಯಾವ ಭಾಗವೆಂಬುದನ್ನು ಹೇಳದೆ ‘ಅಶ್ವಗಂಧ’ ಎಂದಷ್ಟೇ ಹೇಳಿ ಸುಮ್ಮನಾಗಿತ್ತು. ಅದನ್ನು ಅಲ್ಲಿಯೇ ಪಕ್ಕಕ್ಕೆ ಸರಿಸಿದೆ.

ಪರವಾನಗಿಯಲ್ಲಿಯೂ ಎರಡು ಜಾತಿ. ಆಯುರ್ವೇದದ ಔಷಧವಾಗಿ ಮಾರಿದರೆ ಔಷಧ ತಯಾರಿಕೆಯ ಪರವಾನಗಿಯ ಸಂಖ್ಯೆ ಇರುತ್ತದೆ. ಆಹಾರದ ಪೂರಕವಾಗಿ ಮಾರಿದರೆ ಹಪ್ಪಳ ಉಪ್ಪಿನಕಾಯಿಗಳಿಗೆ ಇರುವ ಹದಿನಾಲ್ಕು ಅಂಕಿಗಳ ಆಹಾರ ಪರವಾನಗಿ. ಒಂದೇ ಬೇರು ಒಂದು ಕಪಾಟಿನಲ್ಲಿ ಮದ್ದು, ಎದುರು ಕಪಾಟಿನಲ್ಲಿ ಊಟ! ಎರಡೂ ಇಲ್ಲದ ಸೀಸೆ ಏನೆಂಬುದನ್ನು ವಾಚಕರೇ ಊಹಿಸಬಹುದು.

ಅಮೆರಿಕದಲ್ಲಿ ಮಗನಿರುವ ನನ್ನ ಸಹೋದ್ಯೋಗಿಯೊಬ್ಬರು ತಮಗೆ ಬಂದ ಸೀಸೆಯನ್ನು ಹೆಮ್ಮೆಯಿಂದ ತೋರಿಸಿದರು. ಅದರ ಹಣೆಯ ಮೇಲೆ ‘ಅಡಾಪ್ಟೋಜೆನ್’ ಎಂದು ಬಂಗಾರದ ಅಕ್ಷರ. “ನಮ್ಮದರಲ್ಲಿ ಇದು ಎಲ್ಲಿದೆ ಸ್ವಾಮಿ?” ಎಂದು ಕೇಳಿದರು. ಚರಿತ್ರೆಯನ್ನು ಪಾಠ ಹೇಳುವವನಿಗೆ ಒಂದು ಮಾತು ಸಿಕ್ಕಿದರೆ ಅದರ ವಂಶಾವಳಿ ಹುಡುಕದೆ ಊಟ ಸೇರುವುದಿಲ್ಲ.

ಆ ವಂಶಾವಳಿ ಹೀಗಿದೆ. ೧೯೩೬ರಲ್ಲಿ ಕೆನಡಾ ದೇಶದ ಮಾಂಟ್ರಿಯಲಿನಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ಇಲಿಗಳನ್ನು ಚಳಿಯಿಂದ ಪೀಡಿಸಿದರೂ ವಿಷದಿಂದ ಪೀಡಿಸಿದರೂ ಅವುಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳಾಗುವುದನ್ನು ಕಂಡು ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದನು. ಇಂದಿನ ನಮ್ಮ ಒತ್ತಡಕ್ಕೆ ಆ ಇಲಿಗಳೇ ಮೂಲಪುರುಷರು. ಅನಂತರ ೧೯೪೭ರಲ್ಲಿ ಸೋವಿಯತ್ ದೇಶದ ಲಾಜರೆವ್, ಎಂತಹ ಪೀಡೆಯನ್ನೂ ತಡೆದುಕೊಳ್ಳಲು ದೇಹವನ್ನು ಅಣಿಗೊಳಿಸುವ ದ್ರವ್ಯಕ್ಕೆ ಅಡಾಪ್ಟೋಜೆನ್ ಎಂದು ಹೆಸರಿಟ್ಟನು. ಅವನ ಶಿಷ್ಯಪರಂಪರೆಯ ಬ್ರೆಖ್‌ಮನ್ ವ್ಲಾಡಿವೊಸ್ಟಾಕಿನಲ್ಲಿ ಕುಳಿತು, ದುಬಾರಿಯಾದ ಜಿನ್‌ಸೆಂಗಿಗೆ ಬದಲಾಗಿ ಅಲ್ಲಿನ ಕಾಡಿನ ಎಲ್ಯೂಥೆರೊ ಎಂಬ ಮುಳ್ಳುಪೊದೆಯನ್ನು ಹಿಡಿದನು. ಮೊದಲ ಅಡಾಪ್ಟೋಜೆನ್‌ಗಳ ಸಭೆಯಲ್ಲಿ ಜಿನ್‌ಸೆಂಗಿಗೂ ಈ ಪೊದೆಗೂ ಮಣೆ ಹಾಕಿದರೇ ಹೊರತು, ನಮ್ಮ ಅಶ್ವಗಂಧ ಆ ಪಂಕ್ತಿಗೆ ಕುಳಿತದ್ದು ಆಮೇಲೆ. ಪಾಪ, ಅದು ತನ್ನ ಪಾಡಿಗೆ ಚರಕಸಂಹಿತೆಯ ಹತ್ತು ಹತ್ತು ಮೂಲಿಕೆಗಳ ಐವತ್ತು ವರ್ಗಗಳಲ್ಲಿ, ಬಲ ಕೊಡುವವುಗಳ ಸಾಲಿನಲ್ಲಿ ಒಮ್ಮೆ, ಮೈ ತುಂಬಿಸುವವುಗಳ ಸಾಲಿನಲ್ಲಿ ಒಮ್ಮೆ, ಕುಳಿತಿತ್ತು. ನಮ್ಮ ಹೊಲದ ಬೇಲಿಯಲ್ಲಿ ಹಿರೇಮದ್ದು, ಅಂಗರಬೇರು ಎಂಬ ಹೆಸರಿನಿಂದ, ಕಾಗದದಂತಹ ತೆಳು ಸಿಪ್ಪೆಯೊಳಗೆ ಕೆಂಪು ಹಣ್ಣುಗಳನ್ನು ಮುಚ್ಚಿಟ್ಟುಕೊಂಡು ನಿಂತಿತ್ತು. ಬದನೆ, ಆಲೂಗಡ್ಡೆ, ಹೊಗೆಸೊಪ್ಪುಗಳ ದಾಯಾದಿ ಅದು. ಬಂಗಾರದ ಅಕ್ಷರದ ಬಿರುದು ತನಗೆ ಬಂದದ್ದು ಅದಕ್ಕೆ ಗೊತ್ತೇ ಇಲ್ಲ. ಆ ಬಿರುದಾದರೂ ಎಷ್ಟು ಗಟ್ಟಿ? ೨೦೦೮ರಲ್ಲಿ ಯೂರೋಪಿನ ಔಷಧ ಸಂಸ್ಥೆ, ಔಷಧಶಾಸ್ತ್ರದಲ್ಲಿ ಈ ಪದಕ್ಕೆ ಮಾನ್ಯತೆ ಇಲ್ಲವೆಂದು ಬರೆದಿಟ್ಟಿತು. ಅಮೆರಿಕದಲ್ಲಿಯೋ, ೧೯೯೪ರ ಕಾನೂನಿನಂತೆ ಇಂತಹ ಪೂರಕಗಳನ್ನು ಮಾರುವ ಮೊದಲು ಸರಕಾರದ ಅನುಮೋದನೆಯೇ ಬೇಡ. ಸಹೋದ್ಯೋಗಿಯ ಸೀಸೆಯ ಬೆನ್ನಿನಲ್ಲಿ, ಯಾವ ರೋಗವನ್ನು ಗುಣಪಡಿಸಲೂ ಇದು ಉದ್ದಿಷ್ಟವಲ್ಲವೆಂದು ಒಪ್ಪಿಕೊಂಡಿರುವುದನ್ನು ನಾನು ಓದಿ ತೋರಿಸಿದೆ. ಅವರು ಮುಖವನ್ನು ನೋಡಿ ಕೊಂಡವರು, ಬೆನ್ನನ್ನು ನೋಡಿರಲಿಲ್ಲ.

ಹಾಗಾದರೆ ಇದೆಲ್ಲ ಬರಿಯ ಬೂದಿಯೆ? ಹಾಗೆನ್ನುವುದು ನ್ಯಾಯವಲ್ಲ. ೨೦೧೨ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ೬೪ ಮಂದಿಗೆ ೬೦ ದಿನ, ಅರ್ಧದಷ್ಟು ಜನಕ್ಕೆ ೩೦೦ ಮಿಲಿಗ್ರಾಂ ಸಾರವನ್ನು ದಿನಕ್ಕೆ ಎರಡು ಬಾರಿಯಂತೆಯೂ ಉಳಿದವರಿಗೆ ಹುಸಿಗುಳಿಗೆಯನ್ನೂ ಕೊಟ್ಟರು. ಸಾರ ಸೇವಿಸಿದವರಲ್ಲಿ ಒತ್ತಡದ ಅಂಕಗಳೂ ರಕ್ತದಲ್ಲಿನ ಕಾರ್ಟಿಸಾಲ್ ಎಂಬ ದ್ರವ್ಯವೂ ಹೆಚ್ಚಾಗಿ ಇಳಿದವು. ಆಮೇಲೆಯೂ ಇಂತಹ ಪ್ರಯೋಗಗಳು ನಡೆದಿವೆ. ನಿದ್ರೆಗೂ ತುಸು ಉಪಕಾರ ಕಂಡಿದೆ. ಆದರೆ ಅರುವತ್ತು ಜನ, ಎರಡು ತಿಂಗಳು, ಹೀಗೆ ಎಲ್ಲವೂ ಚಿಕ್ಕ ಚಿಕ್ಕವು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಸೇವಿಸಿದರೆ ಏನಾಗುತ್ತದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ. ಪ್ರತಿಕೂಲದ ಪಟ್ಟಿಯೂ ಇದೆ. ೨೦೨೦ರಲ್ಲಿ ಐಸ್‌ಲೆಂಡ್ ಮತ್ತು ಅಮೆರಿಕದ ವೈದ್ಯರು, ಅಶ್ವಗಂಧ ಸೇವಿಸಿ ಯಕೃತ್ತು ಕೆಟ್ಟು ಕಾಮಾಲೆಯಾದ ಐವರ ವೃತ್ತಾಂತ ಬರೆದರು. ಐವರೂ ಚೇತರಿಸಿಕೊಂಡರು. ೨೦೨೩ರಲ್ಲಿ ಡೆನ್ಮಾರ್ಕ್ ಇದನ್ನು ನಿಷೇಧಿಸಿಯೇ ಬಿಟ್ಟಿತು. ಅದು ಅತಿಯಾಯಿತೆಂದು ನನ್ನ ಭಾವನೆ. ಆದರೆ ನನ್ನ ಭಾವನೆಯನ್ನು ಡೆನ್ಮಾರ್ಕಿನವರು ಕೇಳಲಿಲ್ಲ. ಗರ್ಭಿಣಿಯರು ಇದನ್ನು ಮುಟ್ಟಬಾರದು. ನಿದ್ರೆಯ ಗುಳಿಗೆ, ಸಕ್ಕರೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಔಷಧದಂಗಡಿಯಿಂದ ಬರಿಗೈಯಲ್ಲಿ ಹೊರಟು ದೇವರಾಜ ಮಾರುಕಟ್ಟೆಯ ಹತ್ತಿರದ ಗ್ರಂಧಿಗೆ ಅಂಗಡಿಗೆ ಹೋದೆ. ಅಲ್ಲಿಯ ಯಜಮಾನರು ಸೀಸೆಯ ಕಾಲದವರಲ್ಲ. ಗೋಣಿಯಿಂದ ಒಂದು ಹಿಡಿ ಬೇರನ್ನು ತೆಗೆದು ಕಾಗದದ ಮೇಲೆ ಸುರಿದರು. ಮಧ್ಯಪ್ರದೇಶದ ನೀಮಚ್ ಕಡೆಯ ಸರಕು ಎಂದರು. ಅಲ್ಲಿ ಅದನ್ನು ನಮ್ಮಲ್ಲಿ ರಾಗಿಯಂತೆ ಬೆಳೆಯುತ್ತಾರೆ. ಮಳೆಗಾಲದಲ್ಲಿ ಬಿತ್ತಿ, ಐದಾರು ತಿಂಗಳಾದ ಮೇಲೆ ಗಿಡವನ್ನು ಕಿತ್ತು, ಬೇರನ್ನು ಕತ್ತರಿಸಿ ಒಣಗಿಸಿ, ದಪ್ಪನೆಯದು ತೆಳ್ಳನೆಯದು ಎಂದು ವಿಂಗಡಿಸುತ್ತಾರಂತೆ. ಯಜಮಾನರು ಒಂದು ತುಂಡನ್ನು ಮುರಿದರು. ಲಟಕ್ಕೆಂದಿತು; ಒಳಗೆ ಸುಣ್ಣದ ಬಿಳುಪು. “ಹೀಗೆ ಮುರಿಯಬೇಕು, ಹೀಗೆ ಬೆಳ್ಳಗಿರಬೇಕು. ನಾರುನಾರಾಗಿ ಬಗ್ಗಿದರೆ ಬಿಟ್ಟುಬಿಡಿ” ಎಂದರು. ಹಸಿಯ ಬೇರಿಗೆ ಕುದುರೆಯ ವಾಸನೆ ಇರುತ್ತದೆಂದು ಆ ಹೆಸರು. ನಾನು ಮೂಸಿ ನೋಡಿದೆ. ಧೂಳಿನ ವಾಸನೆಯೇ ಹೆಚ್ಚು. ಅರಮನೆಯ ಮುಂದಿನ ಟಾಂಗಾಗಳಿಗಿಂತ ಹತ್ತಿರದಲ್ಲಿ ಕುದುರೆಯ ಪರಿಚಯ ಇಲ್ಲದ ನನ್ನ ಮೂಗಿನ ತೀರ್ಪಿಗೆ ಬೆಲೆಯೂ ಕಡಿಮೆ. ನೂರು ಗ್ರಾಂ ಕಟ್ಟಿಸಿಕೊಂಡೆ. ಬೇರಾದರೆ ಬೇರೆಂದು ಕಣ್ಣಿಗೆ ಕಾಣುತ್ತದೆ, ಅದೊಂದು ನೆಮ್ಮದಿ. ಸೀಸ, ಪಾದರಸಗಳು ಮಾತ್ರ ಕಣ್ಣಿಗೆ ಕಾಣವು. ಬಾಸ್ಟನ್ನಿನ ಅಂಗಡಿಗಳಲ್ಲಿ ಮಾರುತ್ತಿದ್ದ ೭೦ ಆಯುರ್ವೇದ ಔಷಧಗಳನ್ನು ಪರೀಕ್ಷಿಸಿ, ೧೪ರಲ್ಲಿ ಇಂತಹ ಲೋಹಗಳಿದ್ದವೆಂದು ೨೦೦೪ರಲ್ಲಿ ವರದಿಯಾಗಿತ್ತು. ಸೀಸೆಯ ಪರವಾಗಿ ಹೇಳಬಹುದಾದ ದೊಡ್ಡ ಮಾತೆಂದರೆ ಇದೇ: ಒಳ್ಳೆಯ ತಯಾರಕನು ಪ್ರತಿಯೊಂದು ತಂಡದ ಪರೀಕ್ಷೆಯ ವರದಿಯನ್ನು ಕೇಳಿದವರಿಗೆ ತೋರಿಸುತ್ತಾನೆ. ತೋರಿಸದವನ ಸೀಸೆಗಿಂತ ಗೋಣಿಯ ಬೇರೇ ಮೇಲು.

ಊರಿಗೆ ಹೊರಡುವ ಮುನ್ನ ಅಕ್ಕನ ಔಷಧಗಳ ಚೀಟಿಯನ್ನು ಫೋನಿನಲ್ಲಿ ಕಳುಹಿಸಲು ಹೇಳಿದೆ. ಬೆಳಿಗ್ಗೆ ಎದ್ದ ಕೂಡಲೆ ನುಂಗುವ ಥೈರಾಯ್ಡ್ ಗುಳಿಗೆ, ೫೦ ಮೈಕ್ರೋಗ್ರಾಂ, ಅದರಲ್ಲಿತ್ತು. ನೆಂಟರ ಸಲಹೆಯಲ್ಲಿ ಇದಕ್ಕೆ ಎಡೆಯಿರಲಿಲ್ಲ, ಸೀಸೆಯ ಮುಖದ ಮೇಲೆಯೂ ಇರಲಿಲ್ಲ. ೨೦೧೮ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಥೈರಾಯ್ಡ್ ತುಸು ಮಂದವಾಗಿದ್ದ ೫೦ ಜನರ ಪೈಕಿ ಎಂಟು ವಾರ ಅಶ್ವಗಂಧದ ಸಾರ ಸೇವಿಸಿದವರಲ್ಲಿ ಆ ಗ್ರಂಥಿಯ ದ್ರವ್ಯಗಳು ರಕ್ತದಲ್ಲಿ ಏರಿದವು. ಏನೂ ನುಂಗದವರಿಗೆ ಅದು ಲಾಭವೆನಿಸಬಹುದು. ಈಗಾಗಲೇ ಗುಳಿಗೆಯಿಂದ ಸಮಕ್ಕೆ ತಂದುಕೊಂಡವರಿಗೆ ತಕ್ಕಡಿಯ ಒಂದು ತಟ್ಟೆಗೆ ಮತ್ತೊಂದು ಕಲ್ಲು ಹಾಕಿದಂತಾಗುತ್ತದೆ. ಎದೆ ಬಡಿತ ಏರುತ್ತದೆ, ಕೈ ನಡುಗುತ್ತದೆ, ನಿದ್ರೆ ಬಾರದು. ಯಾವುದಕ್ಕಾಗಿ ಸೀಸೆ ತರಿಸಿದಳೋ ಅದೇ ಹೆಚ್ಚುತ್ತದೆ. ಅಕ್ಕನ ವೈದ್ಯರನ್ನು ಕೇಳಿದೆ. ಸೇವಿಸಲೇಬೇಕೆಂದರೆ ಆರು ವಾರಕ್ಕೆ ರಕ್ತಪರೀಕ್ಷೆ ಮಾಡಿಸಿ ಗುಳಿಗೆಯನ್ನು ಸರಿಹೊಂದಿಸಬೇಕೆಂದರು. ಆಮೇಲೆ, “ಅವರು ಒಂದೇ ಸಮನೆ ಎಷ್ಟು ಹೊತ್ತು ಮಲಗುತ್ತಾರೆ?” ಎಂದು ಕೇಳಿದರು.

ಎರಡು ಗಂಟೆ. ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂರು ವರ್ಷದಿಂದ ಅಕ್ಕ ಅದಕ್ಕಾಗಿ ಗಡಿಯಾರವಿಟ್ಟುಕೊಂಡು ಏಳುತ್ತಿದ್ದಳು. ಅತ್ತೆಗೆ ಒಂದು ಹುಣ್ಣೂ ಆಗಿರಲಿಲ್ಲ.

ಸೀಸೆ ತರಲಿಲ್ಲವೆಂದಾಗ, ಕಾರಣವನ್ನೆಲ್ಲ ಸಾವಧಾನದಿಂದ ಕೇಳಿ, “ಹಾಗಾದರೆ ನನಗೆ ಏನೂ ಇಲ್ಲವೇನೋ?” ಎಂದಳು. ಆ ಪ್ರಶ್ನೆಗೆ ನನ್ನ ಓದಿನಲ್ಲಿ ಉತ್ತರವಿರಲಿಲ್ಲ. ಭಾವನನ್ನೂ ಕಾಲೇಜಿಗೆ ಹೋಗುವ ಅವರ ಮಗನನ್ನೂ ಕೂರಿಸಿಕೊಂಡು ವಾರದ ಏಳು ರಾತ್ರಿಗಳನ್ನು ಹಂಚಿದೆವು. ಶನಿವಾರದ್ದು ನನ್ನ ಪಾಲಿಗೆ ಬಂತು. ಹುಡುಗ ಮೊದಮೊದಲು ಗೊಣಗಿದನು. ಅಜ್ಜಿಯನ್ನು ಹೊರಳಿಸುವ ಬಗೆಯನ್ನು ಈಗ ನನಗೇ ತಿದ್ದಿ ಹೇಳುತ್ತಾನೆ. ಮೊದಲ ಭಾನುವಾರ ಅಕ್ಕ ಎದ್ದಾಗ ಏಳೂವರೆಯಾಗಿತ್ತು. ಅಷ್ಟು ಹೊತ್ತು ಮಲಗಿದ್ದಕ್ಕೆ ಆಕೆಗೆ ನಾಚಿಕೆಯಾಯಿತು, ಅಡಿಗೆಮನೆಗೆ ಓಡಿದಳು.

ನೂರು ಗ್ರಾಂ ಬೇರು ನನ್ನಲ್ಲೇ ಉಳಿಯಿತು. ನನಗೆ ಥೈರಾಯ್ಡ್ ಗುಳಿಗೆಯೂ ಇಲ್ಲ, ಬೇರೆ ಗುಳಿಗೆಯೂ ಇಲ್ಲ. ವೈದ್ಯರೊಬ್ಬರನ್ನು ಕೇಳಿ, ಪುಡಿ ಮಾಡಿಸಿ, ರಾತ್ರಿ ೩ ಗ್ರಾಂನಂತೆ ಹಾಲಿನಲ್ಲಿ ಕದಡಿ ಒಂದು ತಿಂಗಳು ಕುಡಿದೆ. ಶನಿವಾರವನ್ನು ಬಿಟ್ಟು ಉಳಿದ ರಾತ್ರಿಗಳಲ್ಲಿ ನಿದ್ರೆ ಚೆನ್ನಾಗಿಯೇ ಬಂತು. ಬೇರಿನಿಂದಲೋ, ಬಿಸಿ ಹಾಲಿನಿಂದಲೋ, ಶನಿವಾರದ ಜಾಗರಣೆಯ ಬಾಕಿಯಿಂದಲೋ, ಹುಸಿಗುಳಿಗೆ ಇಟ್ಟು ನೋಡುವ ಇನ್ನೊಬ್ಬ ನಾನು ಮನೆಯಲ್ಲಿರಲಿಲ್ಲ. ಹಾಲಿನ ರುಚಿ ಮಾತ್ರ ಕೆಟ್ಟದ್ದು ನಿಜ.