ಕಾಂಚನ ಮಾರಿದ್ದು

ಜನವರಿ 7, 2024, ಭಾನುವಾರ

ಅಮ್ಮನ ಟ್ರಂಕಿನ ತಳದಲ್ಲಿ ಅಪ್ಪನ ವಾಚು ಸಿಕ್ಕಿತು. ಎಚ್‌ಎಂಟಿ ಕಾಂಚನ, ಆಟೊಮ್ಯಾಟಿಕ್. ಧಾರೆ ಸೀರೆಯ ಮಡಿಕೆಯೊಳಗೆ ಡಬ್ಬಿ, ಡಬ್ಬಿಯೊಳಗೆ ಗ್ಯಾರಂಟಿ ಚೀಟಿ ಕೂಡ ಇದೆ. ಗಾಜಿನ ಮೇಲೆ ಗೀರುಗಳು, ಬೆಲ್ಟು ಕೂರುವ ಕಿವಿಗಳ ಹತ್ತಿರ ಗಿಲೀಟು ಸವೆದು ಬಿಳಿ ಲೋಹ ಕಾಣುತ್ತದೆ. ವಾರ ತೋರಿಸುವ ಕಿಂಡಿಯಲ್ಲಿ ಹಿಂದಿ ಅಕ್ಷರ ಬಂದು ನಿಂತಿದೆ. ಎಂಟು ವರ್ಷದ ಮೇಲೆ ಮುಟ್ಟಿದ್ದು. ಎರಡು ಸಲ ಅಲುಗಿಸಿದೆ, ಸೆಕೆಂಡ್ ಮುಳ್ಳು ಏನೂ ಆಗದವರ ಹಾಗೆ ಹೊರಟುಬಿಟ್ಟಿತು.

ಸಂಕ್ರಾಂತಿಗೆಂದು ಅಡಕತ್ತರಿಯಲ್ಲಿ ಕೊಬ್ಬರಿ ಚೂರು ಮಾಡುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ಮಾರಿಬಿಡು" ಅಂದಳು.

"ಅಪ್ಪನ ವಾಚು ಕಣಮ್ಮ."

"ಗೊತ್ತು. ಮಾರು."

ಜನವರಿ 10, ಬುಧವಾರ

ಬ್ಯಾಂಕಿನಿಂದ ಬರುತ್ತಾ ಅಶೋಕ ರಸ್ತೆಯ ಹತ್ತಿರದ ರಿಪೇರಿಯವರಿಗೆ ತೋರಿಸಿದೆ. ಒಂದು ಮೇಜು, ಒಂದು ಟ್ಯೂಬ್‌ಲೈಟ್, ಕಣ್ಣಿಗೆ ಸಿಕ್ಕಿಸಿಕೊಂಡ ಬೂದುಗಾಜು. ಹಿಂಬದಿ ಬಿಚ್ಚಿ ತೋರಿಸಿದರು: ಅರ್ಧಚಂದ್ರದ ಆಕಾರದ ತೂಕದ ತಗಡು, ಕೈ ಆಡಿದ ಹಾಗೆಲ್ಲ ತಿರುಗುತ್ತದೆ, ತಿರುಗಿದಷ್ಟೂ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಕೀ ಕೊಡುವ ಕೆಲಸ ಕೈಯದ್ದೇ. ಕೈ ಸುಮ್ಮನಿದ್ದರೆ ಒಂದೂವರೆ ದಿನಕ್ಕೆ ನಿಂತುಹೋಗುತ್ತದೆ ಎಂದರು. ಅದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಮ್ಮನಿಗೆ ಗೊತ್ತು.

ನಾನು ಗಾಜು ಬದಲಾಯಿಸಿ, ಗಿಲೀಟು ಹಾಕಿಸಿ, ಥಳಥಳ ಅನ್ನಿಸಿ ಮಾರುವ ಲೆಕ್ಕದಲ್ಲಿದ್ದೆ. ಅವರು ಕೈ ಮುಗಿಯುವುದೊಂದು ಬಾಕಿ. "ಏನೂ ಮಾಡಿಸಬೇಡಿ ಮೇಡಂ. ಹೊಳಪು ಕೊಟ್ಟರೆ ಅಂಚು ಕರಗುತ್ತೆ, ರೇಟೂ ಕರಗುತ್ತೆ." ಈಗ ಓಡಾಡುತ್ತಿರುವ ಎಚ್‌ಎಂಟಿಗಳಲ್ಲಿ ಎಷ್ಟೋ ವಾಚುಗಳ ಡಯಲ್ಲು ಮತ್ತೆ ಬಣ್ಣ ಬಳಿದದ್ದಂತೆ. ಒಂದು ವಾಚಿನ ಮೆಷಿನ್ನು, ಇನ್ನೊಂದರ ಕೇಸು, ಮುಳ್ಳುಗಳು ಮೂರನೆಯದರದ್ದು. ಭೂತಗನ್ನಡಿಯಲ್ಲಿ ಅಕ್ಷರ ನೋಡಬೇಕು: ಕಾರ್ಖಾನೆಯ ಅಚ್ಚು ತೆಳ್ಳಗೆ, ಚೂಪಾಗಿ ಕೂತಿರುತ್ತದೆ, ಬಳಿದದ್ದು ಉಬ್ಬಿ ದಪ್ಪಗಾಗಿರುತ್ತದೆ. ನಮ್ಮದು ಮೂಲ ಡಯಲ್ಲೇ.

ಮುಚ್ಚಳ ಹಾಕುವಾಗ ಹಿಂದೆ ಕೊರೆಸಿದ ಅಕ್ಷರ ನೋಡಿ ತುಟಿ ಕಚ್ಚಿಕೊಂಡರು. "ಇದೊಂದು ಇಲ್ಲದಿದ್ದರೆ ಚೆನ್ನಾಗಿತ್ತು."

ಕನ್ನಡದಲ್ಲಿದೆ: ಅಳಿಯಂದಿರಿಗೆ, 20-5-1984.

ಜನವರಿ 13, ಶನಿವಾರ

ಹಳೇ ವಾಚು ಕೂಡಿಸುವ ಒಬ್ಬರ ಫೋನು. ಫೋಟೋ ನೋಡಿದ್ದಷ್ಟೇ, "ಡಯಲ್ ರೀಪೇಂಟ್ ಆಗಿದೆ, ಎರಡು ಸಾವಿರ ಕೊಡ್ತೀನಿ" ಎಂದರು. ದಪ್ಪ ಅಕ್ಷರ, ತೆಳು ಅಕ್ಷರದ ಪಾಠ ಒಪ್ಪಿಸಿದೆ. ಮೂರು ಸಾವಿರಕ್ಕೆ ಬಂದರು. ಪುನಃ ಬಳಿದ ಡಯಲ್ಲಿಗೆ ಇನ್ನೊಂದು ಸಾವಿರ ಯಾಕೆ ಏರಿತು ಅಂತ ಕೇಳಿದ್ದಕ್ಕೆ ಫೋನ್ ಇಟ್ಟರು. ಖುಷಿಯಾಯಿತು.

ಜನವರಿ 15, ಸೋಮವಾರ, ಸಂಕ್ರಾಂತಿ

ಎಳ್ಳು ಬೀರಿ ಬಂದಮೇಲೆ ಅಮ್ಮ ತಾನಾಗಿಯೇ ಬಾಯಿಬಿಟ್ಟಳು. ಇಷ್ಟು ವರ್ಷ ಯಾಕೆ ಹೇಳಿರಲಿಲ್ಲವೋ.

ಮದುವೆ ಮಾತುಕತೆಯಲ್ಲಿ ಅಜ್ಜಿ (ಅಪ್ಪನ ಅಮ್ಮ) "ನಮಗೇನೂ ಬೇಡಿ" ಎಂದರಂತೆ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, "ಹುಡುಗನ ಕೈಗೆ ಒಂದು ಕಾಂಚನ ಆದರೆ ಸಾಕು." ಆಗ ಕಾಂಚನ ಅಂದರೆ ಅಂಗಡಿಗೆ ಹೋಗಿ ತರುವ ಸಾಮಾನಲ್ಲ. ಎಲ್ಲ ಬೀಗರೂ ಅದನ್ನೇ ಕೇಳುತ್ತಿದ್ದರು, ವಾಚು ಬ್ಲ್ಯಾಕಿನಲ್ಲಿ ಹೋಗುತ್ತಿತ್ತು. ತುಮಕೂರಲ್ಲೇ ಎಚ್‌ಎಂಟಿಯ ವಾಚ್ ಕಾರ್ಖಾನೆ ಇದ್ದೂ ತಾತ (ಅಮ್ಮನ ಅಪ್ಪ) ಮೂರು ಸಲ ಬೆಂಗಳೂರಿಗೆ ಅಲೆದರಂತೆ.

ದುಡ್ಡಿಗೆ? ಗುಬ್ಬಿಯ ಕಡೆಯ ತೋಟ, ಅಟ್ಟದ ತುಂಬ ಕಾಯಿ. ಉಂಡೆ ಕೊಬ್ಬರಿ ಆಗಲು ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂರಬೇಕು. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನಬೇಕು. ತಾತ ಇಳಿಸಿದ್ದು ಏಳನೇ ತಿಂಗಳಿಗೆ. "ಒಂದೊಂದೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡ್ತಿದ್ದರು. ನೀರು ಇನ್ನೂ ಗುಳುಗುಳು ಅಂತಿತ್ತು." ತಿಪಟೂರಿಗೆ ಕೊಬ್ಬರಿಯಾಗಿ ಹೋಗಬೇಕಾದದ್ದು ಊರಿನ ಸಾಬರಿಗೆ ಬರೀ ಕಾಯಿಯ ರೇಟಿಗೆ ಹೋಯಿತು.

ಡಯಲ್ಲಿನ ಮೇಲೆ 21 ಜುವೆಲ್ಸ್ ಎಂದಿದೆ. ಅಪ್ಪನ ಮನೆಯವರು ನೆಂಟರಿಗೆಲ್ಲ "21 ಹರಳಿನ ವಾಚು" ಎಂದೇ ಹೇಳಿಕೊಂಡರಂತೆ. ಒಳಗಿರುವುದು ಚಕ್ರಗಳ ಮೊನೆ ಸವೆಯದಿರಲೆಂದು ಕೂರಿಸಿದ ಕೃತಕ ಮಾಣಿಕ್ಯದ ಚೂರುಗಳು. ತಾತನೂ ಕಡೇತನಕ ಹರಳೆಂದೇ ನಂಬಿದ್ದರು. ನಂಬಿದ್ದೇ ಒಳ್ಳೆಯದಾಯಿತು ಅನ್ನುತ್ತಾಳೆ ಅಮ್ಮ.

ರಾತ್ರಿ ಒಂದು ವಿಷಯ ಹೊಳೆದು ನಿದ್ದೆ ಹಾರಿತು. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದೂ ಅದೇ 1961ರಲ್ಲಿ. ಎರಡರಲ್ಲಿ ಒಂದೇ ಮನೆ ಮನೆ ತಲುಪಿದ್ದು.

ಜನವರಿ 21, ಭಾನುವಾರ

ಬೆಂಗಳೂರಿನಿಂದ ಸಂಗ್ರಾಹಕರು ಬಂದರು. ಮಲ್ಲೇಶ್ವರದವರು, ನಿವೃತ್ತ ಎಂಜಿನಿಯರು. ಪಾದರಕ್ಷೆ ಹೊರಗೆ ಬಿಟ್ಟು, ಅಮ್ಮ ಕೊಟ್ಟ ಎಳ್ಳುಬೆಲ್ಲ ತಿಂದು, ಕೈ ತೊಳೆದು ಒರೆಸಿಕೊಂಡ ಮೇಲೆಯೇ ವಾಚು ಮುಟ್ಟಿದ್ದು. ಕಿವಿಗೆ ಹಿಡಿದು ಬಹಳ ಹೊತ್ತು ಕೂತರು. ಅವರ ಹತ್ತಿರ ಜನತಾ, ಪೈಲಟ್, ಕೊಹಿನೂರ್ ಎಲ್ಲ ಇವೆಯಂತೆ, ಕಣ್ಣು ಕಾಣದವರ ಬ್ರೈಲ್ ವಾಚೂ. 2014ರಲ್ಲಿ ಕಾರ್ಖಾನೆ ಮುಚ್ಚುತ್ತಾರೆಂದು ಸುದ್ದಿಯಾದಾಗ ಜನ ಮುಗಿಬಿದ್ದು ಕೊಂಡರು, ನಾನೂ ಆವಾಗಲೇ ಹುಚ್ಚಿಗೆ ಬಿದ್ದವನು ಎಂದರು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೋದ್ದು. ಬರುವಾಗ ಆ ಕಡೆ ಸುತ್ತಿಕೊಂಡು ನೋಡಿ ಬಂದರಂತೆ.

ಕೊರೆಸಿದ ಅಕ್ಷರಕ್ಕೆ ನಾನೇ ಕ್ಷಮೆ ಕೇಳುವ ದನಿಯಲ್ಲಿದ್ದೆ. ಅವರ ಮುಖ ಅರಳಿತು. "ಇದಕ್ಕೇ ನಾನು ಬಂದದ್ದು. ಕನ್ನಡದಲ್ಲಿ ಕೊರೆಸಿದ ಕಾಂಚನ ನನ್ನ ಹತ್ತಿರ ಇಲ್ಲ." ಆಮೇಲೆ ಬೆಲ್ಟು ತಿರುಗಿಸಿ ನೋಡಿದರು. ಕೊನೆಯ ತೂತಿನಿಂದ ಎರಡು ಬೆರಳು ಒಳಗೆ ಇನ್ನೊಂದು ತೂತು, ಕಾದ ಮೊಳೆಯಲ್ಲಿ ಸುಟ್ಟು ಮಾಡಿದ್ದು. "ಇದನ್ನ ಹೆಂಗಸರೂ ಕಟ್ಟುತ್ತಿದ್ದರಾ?"

ಅಮ್ಮ ಸುಮ್ಮನಿದ್ದಳು. ನಾನೂ.

2011ರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಎಡಗೈ ಬಿತ್ತು. ವಾಚು ಎಡಗೈಗೇ ಬೇಕು, ಬಲಗೈಗೆ ಕಟ್ಟಲು ಹೋದರೆ ಕಿತ್ತು ಎಸೆಯುತ್ತಿದ್ದರು. ಆಡದ ಕೈಯ ಮೇಲೆ ಅದು ನಿಂತುಹೋಗುತ್ತಿತ್ತು. ನಿಂತರೆ ಅಪ್ಪ ಮಾತಿಲ್ಲದ ಬಾಯಲ್ಲಿ ರಂಪ ಮಾಡುತ್ತಿದ್ದರು. ಅದಕ್ಕೆ ಅಮ್ಮ ಬೆಳಗ್ಗೆ ಬಿಚ್ಚಿ ತಾನು ಕಟ್ಟಿಕೊಳ್ಳುತ್ತಿದ್ದಳು. ಮುದ್ದೆ ತೊಳಸುವಾಗ, ಬಟ್ಟೆ ಹಿಂಡುವಾಗ, ಕಸ ಗುಡಿಸುವಾಗ ಆ ಸಣ್ಣ ಕೈಯ ಮೇಲೆ ದೊಡ್ಡ ವಾಚು. ಸಂಜೆ ಅಪ್ಪನ ಕೈಗೆ ವಾಪಸ್. ನಾಲ್ಕು ವರ್ಷ.

ಬೆಲೆ ಹನ್ನೊಂದೂವರೆ ಸಾವಿರಕ್ಕೆ ನಿಂತಿತು. ಅವರು ಒಂದು ಕೇಳಿಕೊಂಡರು: ವಾಚಿನ ಹಿನ್ನೆಲೆ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಬೇಕು, ಅದಿದ್ದರೆ ಇದಕ್ಕೆ ತೂಕ. ನಾನು ಬರೆದೆ: "1984ರಲ್ಲಿ ನಮ್ಮ ತಾತ ತಮ್ಮ ಅಳಿಯನಿಗೆ ಪ್ರೀತಿಯಿಂದ ಕೊಟ್ಟ ವಾಚು."

ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. "ಪ್ರೀತಿಯಿಂದ ಅನ್ನೋದು ಹೊಡಿ."

"ಇರಲಿ ಬಿಡಮ್ಮ."

"ಕೇಳಿದ್ದಕ್ಕೆ ಕೊಟ್ಟದ್ದು. ಹಾಗೇ ಬರಿ."

ಹೊಡೆದೆ. ಹಾಗೆಯೇ ಬರೆದೆ. ಸಂಗ್ರಾಹಕರು ಹಾಳೆಯನ್ನು ಎರಡು ಸಲ ಓದಿದರು, ಅಮ್ಮನ ಕಡೆ ನೋಡಿದರು, ಏನೂ ಹೇಳದೆ ಗ್ಯಾರಂಟಿ ಚೀಟಿಯ ಜೊತೆ ಮಡಿಸಿಟ್ಟುಕೊಂಡರು. ಮೊಳೆ ತೂತಿನ ವಿಷಯ ಆ ಹಾಳೆಯಲ್ಲಿಲ್ಲ. ಬರೆಯಲು ಅಮ್ಮ ಹೇಳಲೂ ಇಲ್ಲ.

ಜನವರಿ 24, ಬುಧವಾರ

ಅವರ ಫೋನು. ಎಣ್ಣೆ ಹಾಕಿಸಿಲ್ಲ, ಆದರೂ ಓಡುತ್ತಿದೆ, ದಿನಕ್ಕೆ ಒಂದು ನಿಮಿಷದ ಹತ್ತಿರ ಮುಂದೆ ಹೋಗುತ್ತಿದೆ, ಮೊದಲಿನಿಂದಲೂ ಹೀಗೆಯೇ? ಅಮ್ಮನನ್ನು ಕೇಳಿದೆ. "ಹೂಂ. ಅವರು ಎಲ್ಲಾ ಬಸ್ಸಿಗೂ ಮುಂಚೆ ಹೋಗಿ ನಿಂತ್ಕೋತಿದ್ದರು."

ಜನವರಿ 28, ಭಾನುವಾರ

ಹನ್ನೊಂದೂವರೆ ಸಾವಿರ ಪೂರ್ತಿ ಗುಬ್ಬಿಯ ಸೋದರಮಾವನ ಖಾತೆಗೆ ಹಾಕು ಅಂದಳು. ಹಾಕಿದೆ. ಮಧ್ಯಾಹ್ನ ಮಾವನ ಫೋನು, ಗಾಬರಿಯಲ್ಲಿದ್ದರು.

"ಏನಕ್ಕಾ ಇದು, ದುಡ್ಡು ಬಂದಿದೆ? ನಾನೇನೂ ಕೇಳಿರಲಿಲ್ಲವಲ್ಲ."

"ಅಟ್ಟದ ಕಾಯಿದು" ಅಂದಳು ಅಮ್ಮ. ಮಾವನಿಗೆ ಅರ್ಥವಾಗಲಿಲ್ಲ. ಆಗ ಅವರಿಗೆ ಎಂಟೋ ಒಂಬತ್ತೋ ವರ್ಷ. ಅಮ್ಮ ಬಿಡಿಸಿ ಹೇಳಲೂ ಇಲ್ಲ, ಈ ಸಲ ಕೊಬ್ಬರಿಗೆ ಏನು ರೇಟು ನಡೀತಿದೆ ಅಂತ ಕೇಳತೊಡಗಿದಳು.