ಅರವತ್ತೈದರಲ್ಲಿ ಸರಿಗಮ

ಭೀಮಸೇನ ಜೋಶಿಯವರು 1922ರಲ್ಲಿ ಜನಿಸಿದ್ದು ನಮ್ಮ ರೋಣದಲ್ಲಿ. 1933ರಲ್ಲಿ ಗುರುವನ್ನು ಅರಸಿ ಅವರು ಮನೆ ಬಿಟ್ಟಾಗ ವಯಸ್ಸು ಹನ್ನೊಂದು. ಅದೇ ಊರಿನಲ್ಲಿ ನಾನು ಹಾರ್ಮೋನಿಯಮ್ಮಿನ ಮುಂದೆ ಕುಳಿತದ್ದು ಅರವತ್ತೈದರಲ್ಲಿ.

ಬಲಗೈ ಸ್ವರವನ್ನು ಹುಡುಕುವಾಗ ಎಡಗೈ ತಿದಿಯನ್ನು ಮರೆಯುತ್ತದೆ, ನಾದ ಅಡಗುತ್ತದೆ. ಯಮನ್ ರಾಗದ ತೀವ್ರ ಮಧ್ಯಮವನ್ನು ಒತ್ತಬೇಕಾದ ಬೆರಳು, ಗೊತ್ತಿದ್ದೂ ಶುದ್ಧ ಮಧ್ಯಮಕ್ಕೆ ಜಾರುತ್ತದೆ. ಕಲಿಸುವವರು ನನ್ನ ಮಗನ ವಯಸ್ಸಿನವರು. ಸಿಡುಕದೆ, 'ಇನ್ನೊಮ್ಮೆ, ಸರ್' ಎನ್ನುತ್ತಾರೆ.

ಆಗೆಲ್ಲ, ಅಕ್ಷರ ಸೊಟ್ಟಗಾಯಿತೆಂದು ನಾನು ಅಡಿಪಟ್ಟಿಯಿಂದ ಬೆರಳಿಗೆ ಹೊಡೆದಿದ್ದ ಬಾಲಕನೊಬ್ಬ ಕಣ್ಣಮುಂದೆ ನಿಲ್ಲುತ್ತಾನೆ. ಅವನಿಗೂ ಅಕ್ಷರ ಗೊತ್ತಿತ್ತು. ಬೆರಳಿಗೆ ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಮೂವತ್ತು ವರ್ಷ ಕಲಿಸಿಯೂ ತಿಳಿಯದ ಈ ಭೇದವನ್ನು ಒಂದು ಮಧ್ಯಮ ಸ್ವರ ತಿಳಿಸಿಕೊಟ್ಟಿತು. ಅಂದು ನಾನೂ 'ಇನ್ನೊಮ್ಮೆ' ಎಂದಿದ್ದರೆ ಸಾಕಾಗಿತ್ತು.